ಅನ್ಯಗ್ರಹದ ಅತಿಥಿಗಳನ್ನು ನಾವು ಹೇಗೆ ಕಾಣುತ್ತೇವೆ?

ವಿಜ್ಞಾನ ಕಥೆಗಳೆಂದರೆ ಮಕ್ಕಳಿಗೆ ಮಾತ್ರ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇನ್ನೂ ಇದೆ. ಹಾರುವ ತಟ್ಟೆ, ಬೆಂಕಿ ಉಗುಳುವ ಬಂದೂಕು, ಹಸಿರು ಮೈಯ ಜೀವಿ, ಕೊನೆಗೊಂದು ಸ್ಫೋಟ, ಇಷ್ಟೇ ತಾನೇ ಎಂದು ಕೇಳುವವರಿದ್ದಾರೆ. ಈ ಕಥೆಗಳನ್ನು ಇಷ್ಟಪಟ್ಟು ಓದುವ, ಈ ಸಿನಿಮಾಗಳನ್ನು ಹುಡುಕಿಕೊಂಡು ಹೋಗಿ ನೋಡುವ ನಾವು ಆ ಮಾತನ್ನು ಒಪ್ಪುವುದಿಲ್ಲ. ಈ ಪ್ರಕಾರದ ಕೃತಿಯೊಂದರ ತೂಕ ತಿಳಿಯಲು ನಾವು ಬಳಸುವ ಅಳತೆಗೋಲು ಒಂದೇ. ಮನೆ ಬಾಗಿಲಿಗೆ ಬಂದ ಅಪರಿಚಿತನನ್ನು ಅದು ಹೇಗೆ ಕಾಣುತ್ತದೆ? ಕಥೆಯೊಳಗಿನ ಯಂತ್ರಗಳು ಹತ್ತಿಪ್ಪತ್ತು ವರ್ಷಗಳಲ್ಲಿ ಹಳತಾಗುತ್ತವೆ. ಈ ಪ್ರಶ್ನೆಗೆ ಮುಪ್ಪಿಲ್ಲ.

ಎಚ್.ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ಹೊರತಂದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ನಿಂದಲೇ ಆರಂಭಿಸೋಣ. ಮಂಗಳ ಗ್ರಹದವರು ಮೂರು ಕಾಲಿನ ಯಂತ್ರಗಳನ್ನೇರಿ ಇಂಗ್ಲೆಂಡನ್ನು ಸುಟ್ಟು ಬೂದಿ ಮಾಡುತ್ತಾರೆ. ತೋಪು, ನೌಕಾಪಡೆ ಯಾವುದೂ ನಿಲ್ಲುವುದಿಲ್ಲ. ಕೊನೆಗೆ ಅವರನ್ನು ಕೊಲ್ಲುವುದು ಕಣ್ಣಿಗೆ ಕಾಣದ ರೋಗಾಣುಗಳು. ಕಥೆ ಎಲ್ಲರಿಗೂ ಗೊತ್ತು. ಆದರೆ ಮೊದಲ ಅಧ್ಯಾಯದಲ್ಲೇ ವೆಲ್ಸ್ ಹೇಳಿಬಿಡುವ ಒಂದು ಮಾತನ್ನು ಬಹಳ ಮಂದಿ ಮರೆತಿದ್ದಾರೆ. ಮಂಗಳದವರನ್ನು ಕ್ರೂರಿಗಳೆಂದು ಜರೆಯುವ ಮುನ್ನ, ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಯುರೋಪಿನವರು ಏನು ಮಾಡಿದರೆಂಬುದನ್ನು ನೆನೆಯಿರಿ ಎಂದು ಅವರು ತಮ್ಮ ದೇಶದ ಓದುಗರನ್ನು ಎಚ್ಚರಿಸುತ್ತಾರೆ. ಆ ಜನಾಂಗ ಪೂರ್ತಿ ಅಳಿದುಹೋಯಿತೆಂದು ವೆಲ್ಸ್ ಕಾಲದವರು ನಂಬಿದ್ದರು. ಅವರ ವಂಶಸ್ಥರು ಇಂದಿಗೂ ಅಲ್ಲಿದ್ದಾರೆ. ಅದೇನೇ ಇರಲಿ, ಬ್ರಿಟಿಷ್ ಸಾಮ್ರಾಜ್ಯದಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎಂದು ಬೀಗುತ್ತಿದ್ದ ಕಾಲದಲ್ಲಿ ಒಬ್ಬ ಇಂಗ್ಲಿಷ್ ಲೇಖಕ ತನ್ನವರಿಗೆ ಕನ್ನಡಿ ಹಿಡಿದದ್ದು ಸಣ್ಣ ಸಂಗತಿಯಲ್ಲ.

ಹಾಲಿವುಡ್ ಈ ಕಾದಂಬರಿಯನ್ನು ಮುಖ್ಯವಾಗಿ ಎರಡು ಬಾರಿ ತೆರೆಗೆ ತಂದಿತು. 1953ರ ಚಿತ್ರದ ಕಥೆ ಕ್ಯಾಲಿಫೋರ್ನಿಯಾದಲ್ಲಿ ನಡೆಯುತ್ತದೆ. 2005ರಲ್ಲಿ ಸ್ಪೀಲ್‌ಬರ್ಗ್ ಅದನ್ನು ನ್ಯೂಜೆರ್ಸಿಗೆ ಒಯ್ದರು. ಎರಡನೆಯದರ ಮೊದಲರ್ಧ ನಮಗೆ ಮೆಚ್ಚಿಗೆಯಾಯಿತು. ಗಂಟುಮೂಟೆ ಹೊತ್ತು ಓಡುವ ಜನ, ಕಾಣೆಯಾದವರ ಚಿತ್ರ ಅಂಟಿಸಿದ ಗೋಡೆಗಳು 2001ರ ನ್ಯೂಯಾರ್ಕನ್ನು ನೆನಪಿಸುತ್ತವೆ. ಆದರೆ ಟಾಸ್ಮೇನಿಯಾ ಎರಡರಲ್ಲೂ ಇಲ್ಲ. ಕನ್ನಡಿ ತೆಗೆದ ಮೇಲೆ ಉಳಿದದ್ದು ಒಂದೇ ಭಾವ: ನಾವು ಅಮಾಯಕರು, ಹೊರಗಿನವರು ರಾಕ್ಷಸರು. ವೆಲ್ಸ್ ಹೇಳಹೊರಟದ್ದು ಇದಕ್ಕೆ ತದ್ವಿರುದ್ಧವಾದುದನ್ನು.

ಹೊರಗಿನಿಂದ ಬಂದವನು ದಾಳಿಗೇ ಬರಬೇಕೆಂದೇನೂ ಇಲ್ಲ. ಇದನ್ನು ಅತ್ಯಂತ ಸರಳವಾಗಿ ಹೇಳಿದವರು ನಮ್ಮವರೇ ಆದ ಸತ್ಯಜಿತ್ ರೇ. 1962ರಲ್ಲಿ ‘ಸಂದೇಶ್’ ಎಂಬ ಬಂಗಾಳಿ ಮಕ್ಕಳ ಪತ್ರಿಕೆಯಲ್ಲಿ ಬಂದ ‘ಬಾಂಕುಬಾಬುರ್ ಬಂಧು’ ಕಥೆಯ ನಾಯಕ ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಊರಿನ ವಕೀಲರ ಮನೆಯ ಸಂಜೆಯ ಹರಟೆಕಟ್ಟೆಯಲ್ಲಿ ಎಲ್ಲರೂ ಗೇಲಿ ಮಾಡುವುದು ಇವರನ್ನೇ. ಬಾಹ್ಯಾಕಾಶದಿಂದ ಬಂದ ‘ಆಂಗ್’ ಯಾವ ಮಂತ್ರಿಯನ್ನೂ ವಿಜ್ಞಾನಿಯನ್ನೂ ಕಾಣುವುದಿಲ್ಲ, ಬಿದಿರುಮೆಳೆಯ ದಾರಿಯಲ್ಲಿ ಒಂಟಿಯಾಗಿ ಮನೆಗೆ ಹೊರಟ ಈ ಮೇಷ್ಟ್ರನ್ನು ಕಂಡು ಮಾತನಾಡಿಸುತ್ತಾನೆ. ಮರುದಿನ ಬಾಂಕುಬಾಬು ತಲೆ ಎತ್ತಿ ನಡೆಯುತ್ತಾರೆ. ಇದೇ ಎಳೆಯಿಂದ ರೇ 1967ರಲ್ಲಿ ‘ದಿ ಏಲಿಯನ್’ ಎಂಬ ಚಿತ್ರಕಥೆ ಬರೆದರು. ಹಾಲಿವುಡ್ ಕಂಪೆನಿಯ ಜೊತೆ ನಡೆದ ಮಾತುಕತೆ ಫಲ ಕೊಡದೆ ಅದು ತೆರೆಗೆ ಬರಲೇ ಇಲ್ಲ. 2003ರ ಹಿಂದಿ ಚಿತ್ರ ‘ಕೋಯಿ ಮಿಲ್ ಗಯಾ’ದ ಜಾದೂ ಮಕ್ಕಳಿಗೆ ಪ್ರಿಯನಾದ, ನಿಜ. ಆದರೆ ಅವನು ನಾಯಕನಿಗೆ ಬುದ್ಧಿ, ಬಲಗಳನ್ನು ವರವಾಗಿ ಕೊಟ್ಟು ಹೋಗುತ್ತಾನೆ. ಆಂಗ್ ಕೊಟ್ಟದ್ದು ಸ್ವಾಭಿಮಾನವನ್ನು ಮಾತ್ರ. ನಮಗೆ ಆ ಪುಟ್ಟ ಕಥೆಯೇ ದೊಡ್ಡದಾಗಿ ಕಾಣುತ್ತದೆ.

ಇನ್ನು, ಬಂದವನು ಅತಿಥಿಯೂ ಅಲ್ಲದ, ಶತ್ರುವೂ ಅಲ್ಲದ ಸ್ಥಿತಿಯಲ್ಲಿದ್ದರೆ? ದಕ್ಷಿಣ ಆಫ್ರಿಕಾದ ನೀಲ್ ಬ್ಲೊಂಕಾಂಪ್ 2009ರಲ್ಲಿ ನಿರ್ದೇಶಿಸಿದ ‘ಡಿಸ್ಟ್ರಿಕ್ಟ್ 9’ ಇದನ್ನೇ ಕೇಳುತ್ತದೆ. ಜೊಹಾನ್ಸ್‌ಬರ್ಗ್ ನಗರದ ಮೇಲೆ ಕೆಟ್ಟು ನಿಂತ ನೌಕೆಯಿಂದ ಇಳಿಸಿದ ಹಸಿದ ಜೀವಿಗಳನ್ನು ತಗಡಿನ ಗುಡಿಸಲುಗಳ ಕೇರಿಯಲ್ಲಿ ಕೂಡಿಹಾಕಿದ್ದಾರೆ. ಜನ ಅವರನ್ನು ‘ಸಿಗಡಿ’ಗಳೆಂದು ಹೀಯಾಳಿಸುತ್ತಾರೆ. ಅವರನ್ನು ಊರಾಚೆ ಸಾಗಿಸಲು ಕಂಪೆನಿಯ ನೌಕರನೊಬ್ಬ ಕಾಗದಪತ್ರ ಹಿಡಿದು ಗುಡಿಸಲಿನಿಂದ ಗುಡಿಸಲಿಗೆ ಅಲೆಯುತ್ತಾ ಅವರಿಂದಲೇ ತೆರವು ನೋಟಿಸಿಗೆ ಸಹಿ ಹಾಕಿಸಿಕೊಳ್ಳುತ್ತಾನೆ. ಹಿಂದೆ ಬಂದೂಕುಧಾರಿಗಳಿದ್ದಾರೆ, ಆದರೂ ಎಲ್ಲವೂ ಕಾನೂನು ಪ್ರಕಾರವೇ! ಚಿತ್ರದ ಹೆಸರು ಕೇಪ್‌ಟೌನಿನ ‘ಡಿಸ್ಟ್ರಿಕ್ಟ್ ಸಿಕ್ಸ್’ ಬಡಾವಣೆಯನ್ನು ನೆನಪಿಗೆ ತರುತ್ತದೆ. ವರ್ಣಭೇದದ ಸರಕಾರ 1966ರಲ್ಲಿ ಅದನ್ನು ಬಿಳಿಯರ ಪ್ರದೇಶವೆಂದು ಘೋಷಿಸಿ, ಮುಂದಿನ ವರ್ಷಗಳಲ್ಲಿ 60 ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿತು. ಅಲ್ಲಿದ್ದವರಲ್ಲಿ ಮುಸ್ಲಿಮರ ಸಂಖ್ಯೆಯೂ ದೊಡ್ಡದಿತ್ತು. ಕಾಗದ ತೋರಿಸು, ಸಹಿ ಹಾಕು, ಜಾಗ ಬಿಡು ಎಂಬ ಮಾತು ಯಾವ ದೇಶದ ಬಡವನಿಗೂ ಹೊಸದಲ್ಲವಾದ್ದರಿಂದ ಈ ಚಿತ್ರ ಎಲ್ಲೆಡೆಯೂ ತಟ್ಟುತ್ತದೆ.

ಆದರೆ ಇದೇ ಚಿತ್ರ ತನ್ನ ಅಳತೆಗೋಲಿನಲ್ಲಿ ತಾನೇ ಸೋತಿದೆ. ಆ ಕೇರಿಯಲ್ಲಿ ನೈಜೀರಿಯಾದವರನ್ನು ನರಭಕ್ಷಕ ರೌಡಿಗಳನ್ನಾಗಿ ತೋರಿಸಿದೆ. ಅವರ ನಾಯಕನಿಗೆ ಆ ದೇಶದ ಮಾಜಿ ಅಧ್ಯಕ್ಷರ ಹೆಸರನ್ನೇ ಹೋಲುವ ಹೆಸರಿಟ್ಟಿದೆ. ನೈಜೀರಿಯಾ ಸರಕಾರ ಪ್ರದರ್ಶನ ನಿಲ್ಲಿಸುವಂತೆ ಚಿತ್ರಮಂದಿರಗಳಿಗೆ ಹೇಳಿತು. ನಿಷೇಧಕ್ಕೆ ನಮ್ಮ ಬೆಂಬಲವಿಲ್ಲ. ಆದರೂ ಒಬ್ಬ ಪರಕೀಯನ ನೋವು ಹೇಳಲು ಹೊರಟವರು ಇನ್ನೊಬ್ಬ ಪರಕೀಯನಿಗೆ ಮಸಿ ಬಳಿಯಬಾರದಿತ್ತು.

ಈಗ ‘ಡ್ಯೂನ್’ಗೆ ಬರೋಣ. ಫ್ರಾಂಕ್ ಹರ್ಬರ್ಟ್‌ರ ಈ ಕಾದಂಬರಿ 1965ರಲ್ಲಿ ಹೊರಬಂತು. ಮರಳುಗಾಡಿನ ಗ್ರಹ, ಹನಿ ನೀರಿಗೂ ಲೆಕ್ಕವಿಡುವ ಫ್ರೆಮೆನ್ ಜನ, ಎಲ್ಲ ಸಾಮ್ರಾಜ್ಯಗಳೂ ಕಣ್ಣಿಟ್ಟಿರುವ ‘ಮಸಾಲೆ’ ಎಂಬ ಸಂಪತ್ತು. ಪೆಟ್ರೋಲಿನ ರಾಜಕೀಯ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಹ್ದಿ, ಲಿಸಾನುಲ್ ಗೈಬ್, ಜಿಹಾದ್ ಮುಂತಾದ ಅರಬಿ ಪದಗಳು ಪುಸ್ತಕದ ತುಂಬ ಇವೆ. ಕಾಕಸಸ್ ಪರ್ವತಗಳಲ್ಲಿ ರಷ್ಯಾದ ಚಕ್ರವರ್ತಿಯ ಸೈನ್ಯವನ್ನು ಎದುರಿಸಿದ ಇಮಾಮ್ ಶಾಮಿಲ್‌ರ ಚರಿತ್ರೆಯಿಂದಲೂ ಹರ್ಬರ್ಟ್ ಎರವಲು ಪಡೆದಿದ್ದಾರೆ. 2021 ಮತ್ತು 2024ರಲ್ಲಿ ಡೆನಿ ವಿಲ್‌ನವ್ ಇದನ್ನು ಎರಡು ಭಾಗಗಳಲ್ಲಿ ತೆರೆಗೆ ತಂದರು. ಜೋರ್ಡಾನಿನ ವಾದಿ ರಮ್ ಮತ್ತು ಅಬುಧಾಬಿಯ ಮರಳಿನಲ್ಲಿ ಚಿತ್ರೀಕರಣ ನಡೆಯಿತು. ದೃಶ್ಯವೈಭವಕ್ಕೆ ಎರಡು ಮಾತಿಲ್ಲ. ಆದರೆ ‘ಜಿಹಾದ್’ ಎಂಬ ಪದದ ಜಾಗದಲ್ಲಿ ‘ಪವಿತ್ರ ಯುದ್ಧ’ ಬಂತು. ಫ್ರೆಮೆನ್ನರ ಮುಖ್ಯ ಪಾತ್ರಗಳಲ್ಲಿ ಅರಬ್ ಮೂಲದವರು ಕಾಣುವುದು ತೀರಾ ವಿರಳ.

ಇಲ್ಲಿ ನಮ್ಮ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇವೆ. ಹರ್ಬರ್ಟ್ ಆ ಪದವನ್ನು ಬಳಸಿದ ರೀತಿಯೂ ನಮಗೆ ಪೂರ್ತಿ ಒಪ್ಪಿಗೆಯಲ್ಲ. ಅವರ ಪುಟಗಳಲ್ಲಿ ಅದು ಬಹುಮಟ್ಟಿಗೆ ರಕ್ತದಾಹದ ಇನ್ನೊಂದು ಹೆಸರು. ಆದರೂ ಅವರು ಆ ಜನರ ಭಾಷೆ, ಭಕ್ತಿ, ಸಿಟ್ಟುಗಳನ್ನು ಕಥೆಯ ಒಳಗೆ ಬಿಟ್ಟುಕೊಂಡರು. ಮುಸ್ಲಿಮರಿಗೆ ನೋವಾದೀತೆಂದೋ, ಉಳಿದವರು ಬೆದರಿಯಾರೆಂದೋ ಸಿನಿಮಾ ಪದವನ್ನು ಬಿಟ್ಟಿರಬಹುದು. ಮರಳು ಬೇಕು, ಉಡುಪು ಬೇಕು, ಬಾಂಗ್‌ನ ಧಾಟಿಯನ್ನು ಹೋಲುವ ಹಿನ್ನೆಲೆ ದನಿಯೂ ಬೇಕು, ಅವುಗಳ ಒಡೆಯರು ಮಾತ್ರ ಬೇಡ ಎಂದರೆ ಅದನ್ನು ಗೌರವ ಎನ್ನಲಾಗದು. ಒಂದು ವಿಷಯದಲ್ಲಿ ಮಾತ್ರ ವಿಲ್‌ನವ್‌ರನ್ನು ಮೆಚ್ಚಲೇಬೇಕು. ಹೊರಗಿನಿಂದ ಬಂದ ರಕ್ಷಕನನ್ನು ನಂಬಬೇಡಿ ಎಂಬುದೇ ಹರ್ಬರ್ಟ್‌ರ ಎಚ್ಚರಿಕೆಯಾಗಿತ್ತು. ಫ್ರೆಮೆನ್ನರು ಕಾಯುತ್ತಿದ್ದ ಭವಿಷ್ಯವಾಣಿಯೇ ಹೊರಗಿನವರು ಬಿತ್ತಿದ್ದು. 1984ರ ಡೇವಿಡ್ ಲಿಂಚ್ ಚಿತ್ರ ಇದನ್ನು ಮರೆತು, ನಾಯಕನ ಪವಾಡದಿಂದ ಮಳೆ ಸುರಿಸಿ ಮುಗಿಯಿತು. ವಿಲ್‌ನವ್ ಚಿತ್ರದ ಕೊನೆಯಲ್ಲಿ ಎಲ್ಲರೂ ಮಂಡಿಯೂರಿದಾಗ ಚಾನಿ ಎಂಬ ಯುವತಿ ಒಬ್ಬಳೇ ಬೆನ್ನು ತಿರುಗಿಸಿ ಹೊರಟುಹೋಗುತ್ತಾಳೆ.

ನಮ್ಮ ಪಟ್ಟಿಯಲ್ಲಿ ಕೊನೆಗೆ ಬಂದರೂ ಮೊದಲ ಸ್ಥಾನ ಪಡೆಯುವ ಕೃತಿ ಬಂಗಾಳದ ರುಕಿಯಾ ಸಖಾವತ್ ಹುಸೇನ್ ಬರೆದ ‘ಸುಲ್ತಾನಾಸ್ ಡ್ರೀಮ್’. 1905ರಲ್ಲಿ ಮದ್ರಾಸಿನ ಇಂಗ್ಲಿಷ್ ಮಹಿಳಾ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪುಟ್ಟ ಕಥೆ. ಅಲ್ಲಿನ ಸ್ತ್ರೀರಾಜ್ಯದಲ್ಲಿ ಗಂಡಸರು ಒಳಮನೆಯಲ್ಲಿದ್ದಾರೆ, ಹೆಂಗಸರು ಬಿಸಿಲಿನ ಶಾಖವನ್ನು ಹಿಡಿದಿಟ್ಟು ಅಡುಗೆ ಮಾಡುತ್ತಾರೆ, ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುತ್ತಾರೆ. ಶಾಲೆಯ ಮುಖ ಕಾಣದ, ಮನೆಯೊಳಗೆ ಕದ್ದುಮುಚ್ಚಿ ಅಕ್ಷರ ಕಲಿತ ಹೆಣ್ಣುಮಗಳ ಕಲ್ಪನೆ ಇದು! ಸ್ಪೇನಿನ ಇಸಾಬೆಲ್ ಎರ್ಗೆರಾ 2023ರಲ್ಲಿ ಇದರಿಂದ ಪ್ರೇರಿತರಾಗಿ ಒಂದು ಅನಿಮೇಷನ್ ಚಿತ್ರ ಮಾಡಿದ್ದಾರೆ. ಸ್ತ್ರೀರಾಜ್ಯದ ಭಾಗವನ್ನು ಮೆಹಂದಿಯ ಚಿತ್ತಾರದಲ್ಲಿ ಬಿಡಿಸಿದ್ದು ಚೆನ್ನಾಗಿದೆ.

ಆ ಕಥೆಯ ಒಂದು ಸಂಗತಿ ಹೆಚ್ಚಿನ ವಿಮರ್ಶಕರ ಕಣ್ಣಿಗೆ ಬಿದ್ದಂತಿಲ್ಲ. ಸ್ತ್ರೀರಾಜ್ಯದ ಮೇಲೆ ಯುದ್ಧ ಬಂದದ್ದೇಕೆ? ನೆರೆದೇಶದಿಂದ ಓಡಿಬಂದ ಕೆಲವರಿಗೆ ರಾಣಿ ಆಶ್ರಯ ಕೊಟ್ಟಿದ್ದಳು. ಒಪ್ಪಿಸು ಎಂದು ಆ ದೇಶದ ರಾಜ ಕೇಳಿದಾಗ, ನಿರಾಶ್ರಿತರನ್ನು ಹೊರಹಾಕುವುದು ತನ್ನ ಧರ್ಮವಲ್ಲವೆಂದು ನಿರಾಕರಿಸಿದಳು. ಗಂಡಸರ ಸೈನ್ಯ ಸೋತ ಮೇಲೆ ವಿಜ್ಞಾನ ಕಲಿತ ಹೆಂಗಸರು ಸೂರ್ಯನ ಕಿರಣಗಳನ್ನು ಶತ್ರುವಿನತ್ತ ತಿರುಗಿಸಿ ದೇಶ ಉಳಿಸಿದರು. ಎಂದರೆ, ರುಕಿಯಾರ ಲೋಕದಲ್ಲಿ ವಿಜ್ಞಾನ ಮೊದಲ ಬಾರಿಗೆ ಆಯುಧವಾದದ್ದು ಬಾಗಿಲಿಗೆ ಬಂದ ಅಪರಿಚಿತರನ್ನು ಕಾಪಾಡುವುದಕ್ಕಾಗಿ. ನೂರಿಪ್ಪತ್ತು ವರ್ಷಗಳ ನಂತರವೂ, ಕೋಟಿಗಟ್ಟಲೆ ಡಾಲರ್ ಸುರಿದು ತೆಗೆದ ಎಷ್ಟೋ ಸಿನಿಮಾಗಳು ಈ ಎತ್ತರಕ್ಕೆ ಏರಿಲ್ಲ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂತಹವರು ಈ ಪ್ರಕಾರದಲ್ಲಿ ಬಹುಕಾಲ ದುಡಿದಿದ್ದಾರೆ. ಆ ಹಾದಿಯಲ್ಲಿ ಹೊಸಬರು ಇನ್ನೂ ಬರಬೇಕಿದೆ. ಅವರು ಹಾರುವ ತಟ್ಟೆಯನ್ನು ಬೆಂಗಳೂರಿನಲ್ಲೇ ಇಳಿಸಲಿ, ಬೀದರಿನಲ್ಲೇ ಇಳಿಸಲಿ, ನಾವು ಮೊದಲು ಓದಬಯಸುವುದು ಅದರಿಂದ ಇಳಿದವನಿಗೆ ಊರಿನವರು ಕುಡಿಯಲು ನೀರು ಕೊಟ್ಟರೋ, ಕಾಗದ ಪತ್ರ ಕೇಳಿದರೋ ಎಂಬುದನ್ನು.