ಊರಿನ ಸತ್ತವರ ನೆನಪು : ವೀರಗಲ್ಲಿನ ಸಾಹಿತ್ಯಗುಣ

ಕನಕದಾಸರ ಪದಗಳನ್ನು ಹಾಡುವವರು ಪ್ರತಿಯೊಂದು ಪದದ ಕೊನೆಯಲ್ಲಿ ಒಂದು ಊರಿನ ಹೆಸರನ್ನು ಹೇಳುತ್ತಾರೆ. ಉಡುಪಿಯ ರಥಬೀದಿಯಲ್ಲಿ ಹಾಡಿದರೂ, ಮೈಸೂರಿನ ಸಭೆಯಲ್ಲಿ ಹಾಡಿದರೂ, ಬ್ಯಾಡಗಿ ತಾಲೂಕಿನ ಕಾಗಿನೆಲೆಯು ಮುಕ್ತಾಯಕ್ಕೆ ಬಂದೇ ಬರುವದು. ದಾಸರು ತಮ್ಮ ಹೆಸರನ್ನು ಮರೆಯಾಗಿಸಿ ಊರಿನ ಆದಿಕೇಶವನ ಹೆಸರನ್ನು ಅಂಕಿತವಾಗಿಟ್ಟರು. ಅದರಿಂದ ಬಾಡದ ತಿಮ್ಮಪ್ಪನಾಯಕನೆಂಬ ಹೆಸರು ಐತಿಹ್ಯದ ಮಾತಾಯಿತು, ಕಾಗಿನೆಲೆಯ ಹೆಸರು ನಾಡಿನ ನಾಲಗೆಯ ಮೇಲೆ ನಿಂತಿತು. ಆದರೆ ಆ ಊರಿನಲ್ಲಿ ಅದೇ ಕಾಲಕ್ಕೆ ಬಾಳಿ ಮಡಿದ ಉಳಿದವರ ಗತಿಯೇನು? ದಾಸರು ಮೊದಲು ದಂಡಿನ ನಾಯಕರಾಗಿದ್ದರೆಂದೂ, ಕಾಳಗದಲ್ಲಿ ಗಾಯಗೊಂಡು ಬಿದ್ದ ಮೇಲೆ ಅವರ ಮನಸ್ಸು ಹರಿಯ ಕಡೆಗೆ ತಿರುಗಿತೆಂದೂ ಐತಿಹ್ಯವು ಹೇಳುತ್ತದೆ. ಅದೇ ಕಾಳಗದಲ್ಲಿ ಬಿದ್ದು ಏಳದೆ ಹೋದವರ ವಿಷಯವಾಗಿ ಅದು ಮೂಕವಾಗಿದೆ.

ಹೀಗೆ ಹೆಸರಿಲ್ಲದೆ ಹೋದ ಹಳ್ಳಿಗರನ್ನು ಕುರಿತು ಆಂಗ್ಲಕವಿ ಥಾಮಸ್ ಗ್ರೇ ಬರೆದ ಶೋಕಗೀತೆಯು 1751ರಲ್ಲಿ ಪ್ರಕಟವಾಯಿತು. ಹಳ್ಳಿಯ ಮಸಣದಲ್ಲಿ ನಿಂತ ಆ ಕವಿಯ ದುಃಖವೆಲ್ಲವೂ, ಅಲ್ಲಿ ಮಲಗಿದವರಿಗೆ ಚರಿತ್ರೆಯಿಲ್ಲದೆ ಹೋಯಿತಲ್ಲಾ ಎಂಬದೇ ಆಗಿದೆ. ಆ ಕವಿತೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ಕನ್ನಡದ ವಿದ್ಯಾವಂತನು ತನ್ನ ಊರ ಹೊರಗಿನ ಹುಣಿಸೆಯ ಮರದ ಕೆಳಗೆ ವಾಲಿ ನಿಂತ ಕಲ್ಲನ್ನು ಓದದೆ ದಾಟಿಹೋದದ್ದು ವಿಚಿತ್ರವಾದರೂ ನಿಜ. ಗ್ರೇ ಕವಿಯು ಇಲ್ಲವೆಂದು ಮರುಗಿದ ವಸ್ತುವು ಆ ಕಲ್ಲಿನಲ್ಲಿತ್ತು. ದನ ಕಾಯುವವನೂ ಊರ ಗಾವುಂಡನೂ ತಮ್ಮ ತಮ್ಮ ಹೆಸರಿನಿಂದ, ತಮ್ಮ ತಮ್ಮ ತಂದೆಯ ಹೆಸರಿನಿಂದ ಅಲ್ಲಿ ನೆನೆಯಲ್ಪಟ್ಟಿದ್ದರು.

ವೀರಗಲ್ಲುಗಳನ್ನು ಇತಿಹಾಸಕಾರರು ಓದಿಲ್ಲವೆಂದಲ್ಲ. ಫ್ಲೀಟ್, ರೈಸ್ ಮೊದಲಾದವರ ಕಾಲದಿಂದಲೂ ಅವು ಸಾವಿರಗಟ್ಟಲೆ ಅಚ್ಚಾಗಿವೆ. ಚಿದಾನಂದಮೂರ್ತಿಯವರ ಶಾಸನಗಳ ಸಾಂಸ್ಕೃತಿಕ ಅಧ್ಯಯನವು 1966ರಲ್ಲಿ ಹೊರಬಂದ ಮೇಲೆ, ಆ ಬರಹಗಳಿಂದ ಜನಜೀವನವನ್ನು ತಿಳಿಯುವ ದಾರಿಯೂ ತೆರೆಯಿತು. ಆದರೆ ಅರಸನ ಹೆಸರು, ಶಕವರ್ಷ, ನಾಡಿನ ಎಲ್ಲೆ ಇವುಗಳನ್ನು ಹೆಕ್ಕಿಕೊಂಡ ತರುವಾಯ, ಸತ್ತವನ ಹೆಸರು ಸಿಪ್ಪೆಯಂತೆ ಉಳಿಯುವದು ವಾಡಿಕೆಯಾಯಿತು. ಆ ಬರಹವನ್ನು ಬರಹವೆಂದು, ಎಂದರೆ ಸಾಹಿತ್ಯವೆಂದು, ಓದಿದವರು ವಿರಳ. ತಮಿಳರ ತೊಲ್ಕಾಪ್ಪಿಯವು ಕಲ್ಲನ್ನು ಹುಡುಕಿ ತರುವದರಿಂದ ಹಿಡಿದು ಅದನ್ನು ನೆಟ್ಟು ಹರಸುವವರೆಗಿನ ವಿಧಿಯನ್ನು ಕಾವ್ಯವಸ್ತುವಾಗಿ ಗಣಿಸಿದೆ. ಕನ್ನಡದ ಲಕ್ಷಣಕಾರರು ರಾಜಸಭೆಯ ಚಂಪುವಿನ ಕಡೆಗೆ ನೋಡುತ್ತಿದ್ದರಾಗಿ, ಊರ ಬಾಗಿಲಿನ ಈ ಪ್ರಕಾರಕ್ಕೆ ಅವರಿಂದ ಮನ್ನಣೆ ದೊರೆಯಲಿಲ್ಲ.

ಈ ಕಲ್ಲುಗಳ ರೂಪವು ವಾಚಕರಿಗೆ ಪರಿಚಿತವಾದದ್ದೇ. ಸಾಮಾನ್ಯವಾಗಿ ಮೂರು ಅಂಕಣಗಳು. ಕೆಳಗೆ ಕಾಳಗ, ನಡುವೆ ವೀರನನ್ನು ಇಕ್ಕೆಲದಲ್ಲಿ ಹಿಡಿದು ಮೇಲಕ್ಕೊಯ್ಯುವ ಸುರಾಂಗನೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ, ತುದಿಯಲ್ಲಿ ಚಂದ್ರಸೂರ್ಯರು. ಅಂಕಣಗಳ ನಡುವಣ ಪಟ್ಟಿಕೆಗಳಲ್ಲಿ ಅಕ್ಷರಗಳಿರುವವು. ಪಟ್ಟಿಕೆ ಕಿರಿದು, ಕಲ್ಲುಕುಟಿಗನ ಕೂಲಿಯೂ ಕಿರಿದಾಗಿದ್ದಿರಬೇಕು. ಆದ್ದರಿಂದ ಬರೆದವನಿಗೆ ಹಿಗ್ಗಿಸುವ ಅವಕಾಶವೇ ಇಲ್ಲ. ಇಂಥ ವರ್ಷ, ಇಂಥವನು ಆಳುತ್ತಿದ್ದಾಗ, ಇಂಥ ಊರಿನ ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋಗಲು, ಇಂಥವನ ಮಗ ಇಂಥವನು ಬೆನ್ನಟ್ಟಿ ಕಾದಿ ತುರುಗಳನ್ನು ಮರಳಿಸಿ ಸತ್ತನು. ಅವನ ತಮ್ಮನು ಈ ಕಲ್ಲನ್ನು ನಿಲ್ಲಿಸಿದನು. ಇಷ್ಟೇ. ತುರುಗೊಳ್, ಊರಳಿವು, ಪೆಣ್ಬುಯ್ಯಲ್, ಗಡಿಗಾಳಗ ಎಂಬ ನಾಲ್ಕೈದು ಮಾತುಗಳಲ್ಲಿ ಸಾವಿನ ಕಾರಣವೆಲ್ಲವೂ ಅಡಗುವದು.

ಈ ಬರಹದ ಮೊದಲನೆಯ ಗುಣವು ಅದರ ವಾಕ್ಯದಲ್ಲಿದೆ. ಒಂದರ ಮೇಲೊಂದಾಗಿ ಬರುವ ಪೂರ್ವಕಾಲಿಕ ಕೃದಂತಗಳು, ಎಂದರೆ ಅಟ್ಟಿ, ಇರಿದು, ಮಗುಳ್ಚಿ ಎಂಬಂಥವು, ಓದುಗನನ್ನು ನಿಲ್ಲಗೊಡದೆ ಮುಂದಕ್ಕೆ ನೂಕುತ್ತವೆ. ವಾಕ್ಯದ ಕಟ್ಟಕಡೆಯಲ್ಲಿ ಮಾತ್ರ ಪೂರ್ಣಕ್ರಿಯಾಪದವು ಬಂದು ನಿಲ್ಲುವದು. ಆ ಕ್ರಿಯಾಪದವೇ ಸಾವು. ಕನ್ನಡ ವಾಕ್ಯದ ಸಹಜವಾದ ಕಟ್ಟಡವೇ ಇಲ್ಲಿ ರಸಕ್ಕೆ ಆಧಾರವಾಯಿತು. ಓಡುತ್ತಿದ್ದವನು ಎಲ್ಲಿ ಬಿದ್ದನೋ ಅಲ್ಲಿಯೇ ವಾಕ್ಯವೂ ಮುಗಿಯುತ್ತದೆ. ಥರ್ಮೊಪಿಲೆಯಲ್ಲಿ ಕ್ರಿಸ್ತಪೂರ್ವ 480ರಲ್ಲಿ ಮಡಿದವರಿಗಾಗಿ ಸೈಮನೈಡೀಸ್ ಕವಿಯು ಬರೆದನೆನ್ನುವ ಎರಡು ಸಾಲುಗಳನ್ನು ಯವನಸಾಹಿತ್ಯದ ಅಭಿಮಾನಿಗಳು ಸಂಕ್ಷೇಪದ ಪರಾಕಾಷ್ಠೆಯೆಂದು ಹೊಗಳುವರು. ಹೊಗಳಿಕೆಯು ಯೋಗ್ಯವೇ. ಆದರೆ ಅಲ್ಲಿ ಮಡಿದವರೆಲ್ಲರೂ ಒಂದು ಗುಂಪಾಗಿ ಮಾತನಾಡುತ್ತಾರೆ. ಇಲ್ಲಿ ಒಬ್ಬೊಬ್ಬನಿಗೂ ಒಂದೊಂದು ಕಲ್ಲು.

ಎರಡನೆಯ ಗುಣವು ಪ್ರಮಾಣಜ್ಞಾನ. ಅದಕ್ಕೆ ಆತಕೂರಿನ ಕಲ್ಲಿಗಿಂತ ಉತ್ತಮವಾದ ಉದಾಹರಣೆಯು ಸಿಕ್ಕಲಾರದು. ಸುಮಾರು 949-50ರ ಆ ಶಾಸನದಲ್ಲಿ ತಕ್ಕೋಲದ ಮಹಾಯುದ್ಧದ ಸುದ್ದಿಯಿದೆ. ಚೋಳ ರಾಜಾದಿತ್ಯನು ಮಡಿದ, ದಕ್ಷಿಣಾಪಥದ ರಾಜಕೀಯವನ್ನೇ ಅಲುಗಾಡಿಸಿದ ಯುದ್ಧವದು. ಗಂಗ ಬೂತುಗನು ಮೆಚ್ಚಿ ಬೇಡಿಕೋ ಎಂದಾಗ, ಅವನ ವೀರನಾದ ಮಣಲೆರನು ಊರುಕೇರಿಗಳನ್ನು ಬೇಡಲಿಲ್ಲ. ಕಾಳಿಯೆಂಬ ನಾಯಿಯನ್ನು ಬೇಡಿದನು. ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಕಾದಿ, ಎರಡೂ ಸತ್ತವು. ಕಲ್ಲು ನಿಂತದ್ದು ನಾಯಿಗಾಗಿ. ಭೂಮಿಯನ್ನು ಬಿಟ್ಟದ್ದೂ, ಪೂಜೆಯನ್ನು ಕಟ್ಟಳೆ ಮಾಡಿದ್ದೂ ಅದಕ್ಕಾಗಿಯೇ. ಕಲ್ಲಿನ ಮೇಲೆ ನಾಯಿ ಹಂದಿಗಳ ಹೋರಾಟವನ್ನೇ ಕೊರೆದಿದ್ದಾರೆ. ಆ ಕಲ್ಲು ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ದೊಡ್ಡವರ ದೊಡ್ಡ ಕೆಲಸವನ್ನು ಹಿನ್ನೆಲೆಗಿಟ್ಟು, ಪ್ರೀತಿಯ ಪ್ರಾಣಿಯ ಸಾವನ್ನು ಮುನ್ನೆಲೆಗೆ ತಂದ ಈ ಔಚಿತ್ಯವು ಯಾವ ಆಸ್ಥಾನಕವಿಗೂ ಸಾಧಿಸಲಿಲ್ಲ; ಸಾಧಿಸುವ ಸ್ವಾತಂತ್ರ್ಯವೂ ಅವನಿಗಿರಲಿಲ್ಲವೆನ್ನಿ.

ಬೇಗೂರಿನ ಸಂಗತಿಯನ್ನೂ ಇಲ್ಲಿಯೇ ಹೇಳಬಹುದು. ಸುಮಾರು 890ರ ಅಲ್ಲಿಯ ಕಲ್ಲೊಂದು ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟನಸೆಟ್ಟಿಯೆಂಬವನು ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದು ಹೇಳುತ್ತದೆ. ಬೆಂಗಳೂರೆಂಬ ಹೆಸರು ಬರಹಕ್ಕೆ ಬಂದ ಮೊದಲನೆಯ ದಾಖಲೆಗಳಲ್ಲಿ ಇದೇ ಮುಖ್ಯವಾದದ್ದು. ಅಷ್ಟು ದೊಡ್ಡ ಪಟ್ಟಣದ ಹೆಸರು ಒಬ್ಬನ ಸಾವಿನ ನೆಪದಿಂದ ಉಳಿದುಬಂದಿತು.

ಇಷ್ಟು ಹೊಗಳಿದ ಮೇಲೆ ದೋಷವನ್ನು ಹೇಳದಿದ್ದರೆ ವಿಮರ್ಶೆಯು ವಂದಿಮಾಗಧರ ಪಾಠವಾದೀತು. ವೀರಗಲ್ಲಿನ ಬರಹದಲ್ಲಿ ಸತ್ತವನ ಬಾಳು ಇಲ್ಲ. ಅವನ ಕೊನೆಯ ದಿನ ಮಾತ್ರ ಇದೆ. ಅವನು ಎಂಥ ಮಗನಾಗಿದ್ದನು, ಯಾರನ್ನು ಪ್ರೀತಿಸಿದನು, ಯಾವ ಹೊಲವನ್ನು ಉತ್ತನು, ಯಾವದಕ್ಕೆ ನಕ್ಕನು ಎಂಬದನ್ನು ಕಲ್ಲು ಹೇಳದು. ಮಲಗಿದಲ್ಲಿಯೇ ಮುಪ್ಪಿನಿಂದ ಸತ್ತವನಿಗೆ ಅಲ್ಲಿ ಸ್ಥಳವೇ ಇಲ್ಲ. ಇನ್ನು ನ್ಯಾಯಾನ್ಯಾಯದ ಮಾತು. ತುರುಗಳನ್ನು ಬಿಡಿಸುವಾಗ ಸತ್ತವನಿಗೆ ಒಂದೂರಿನಲ್ಲಿ ಕಲ್ಲು ನಿಂತರೆ, ತುರುಗಳನ್ನು ಹೊಡೆಯಲು ಹೋಗಿ ಸತ್ತವನಿಗೆ ಅವನ ಊರಿನಲ್ಲಿಯೂ ಕಲ್ಲು ನಿಲ್ಲುತ್ತಿತ್ತು. ಗೆದ್ದವನಿಗೆ ಸಿರಿ, ಸತ್ತವನಿಗೆ ಸುರಾಂಗನೆ ಎಂಬ ಭಾವದ ಸಂಸ್ಕೃತ ಶ್ಲೋಕವನ್ನು ಎಷ್ಟೋ ಕಲ್ಲುಗಳ ಮೇಲೆ ಕೊರೆದಿದ್ದಾರೆ. ಬಡವನ ಮಗನನ್ನು ಯುದ್ಧಕ್ಕೆ ಹುರಿದುಂಬಿಸುವ ಮಾತು ಅದು. ಅವನ ತಾಯಿಯ ಮಾತಲ್ಲ. ದೊಡ್ಡಹುಂಡಿಯ ಕಲ್ಲಿನಲ್ಲಿ, ಸಾಯುತ್ತಿರುವ ಗಂಗ ನೀತಿಮಾರ್ಗನನ್ನು ಸೇವಕನಾದ ಅಗರಯ್ಯನು ಹಿಡಿದುಕೊಂಡಿರುವ ಚಿತ್ರವು ಮನಸ್ಸನ್ನು ಕಲಕುವಷ್ಟು ಸುಂದರವಾಗಿದೆ. ಆದರೆ ಆ ಸೇವಕನು ಒಡೆಯನ ಕೆಳಗೆ ಕೀಳ್ಗುಂಟೆಯಾದನು, ಎಂದರೆ ಒಡೆಯನೊಡನೆ ತಾನೂ ಸತ್ತು ಹೂಳಿಸಿಕೊಂಡನು, ಎಂಬದನ್ನು ನೆನೆದಾಗ ಆ ಸೌಂದರ್ಯವನ್ನು ಸವಿಯುವ ನಾಲಗೆ ತಡವರಿಸುವದು.

ಈ ತೊಡಕು ಬೆಳತೂರಿನ ಶಾಸನದಲ್ಲಿ ಅತ್ಯಂತ ತೀವ್ರವಾಗಿದೆ. ಹೆಗ್ಗಡದೇವನಕೋಟೆ ತಾಲೂಕಿನ ಈ 1057ರ ಪದ್ಯಶಾಸನವು, ಮಲ್ಲಯುದ್ಧದಲ್ಲಿ ಅರಸನ ದಾಯಾದಿಯನ್ನು ಕೊಂದದ್ದಕ್ಕಾಗಿ ತಲಕಾಡಿನಲ್ಲಿ ಕೊಲ್ಲಿಸಲ್ಪಟ್ಟ ಏಚನ ಹೆಂಡತಿ ದೇಕಬ್ಬೆಯು ಬೆಂಕಿಯನ್ನು ಹೊಕ್ಕ ಕಥೆಯನ್ನು ಹೇಳುತ್ತದೆ. ತಂದೆತಾಯಿಗಳೂ ಬಂಧುಗಳೂ ಬೇಡವೆಂದು ಅಂಗಲಾಚುತ್ತಾರೆ; ಆಕೆಯು ಒಪ್ಪುವದಿಲ್ಲ. ಶಾಸನಸಾಹಿತ್ಯದಲ್ಲಿ ಇದಕ್ಕೆ ಸಮನಾದ ಭಾವಗೀತೆಯಿಲ್ಲವೆಂದು ಹಲವರು ಕೊಂಡಾಡಿರುವರು. ಕರುಣರಸವು ಅಲ್ಲಿ ತುಂಬಿ ತುಳುಕುತ್ತಿದೆಯೆಂಬದು ನಿಜವೇ. ಆದರೆ ರಸವೆಲ್ಲಿಂದ ಹುಟ್ಟಿತೆಂದು ವಿಚಾರಿಸಬೇಕಾಗಿದೆ. ದೇಕಬ್ಬೆಯ ದೃಢತೆಯಿಂದ ಹುಟ್ಟಿತೆಂದು ರೂಢಿಯ ವಿಮರ್ಶೆಯು ಹೇಳುವದು. ಸೂಕ್ಷ್ಮವಾಗಿ ಓದಿದರೆ, ಬೇಡವೆಂದು ಗೋಗರೆದವರ ಮಾತಿನಿಂದಲೇ ಅದು ಹುಟ್ಟಿದೆ. ಕವಿಯು ಆಕೆಯ ಕೀರ್ತಿಯನ್ನು ಹಾಡಲು ಹೊರಟವನು. ಅವನ ಲೇಖನಿಯು ತಿಳಿದೋ ತಿಳಿಯದೆಯೋ ಬೇಡವೆಂದವರ ಕಡೆಗೆ ವಾಲಿತು. ಆ ವಾಲಿಕೆಯೇ ಪದ್ಯಗಳ ಜೀವಾಳ. ಸಹಗಮನವನ್ನು ಬಂಗಾಲದಲ್ಲಿ 1829ರಲ್ಲಿ ಕಾಯಿದೆಯಿಂದ ನಿಷೇಧಿಸಿದರು. ಆದರೆ ತೋಳುಗಂಬದ ಮೇಲೆ ಎತ್ತಿದ ಬಳೆಯ ಕೈಗೆ ಅರಿಸಿನ ಕುಂಕುಮಗಳು ಇಂದಿಗೂ ತಪ್ಪಿಲ್ಲ. ಪೂಜಿಸುವವರ ಕೈಯನ್ನು ಹಿಡಿಯುವದು ವಿಮರ್ಶಕನ ಕೆಲಸವಲ್ಲ. ಆದರೂ ಆ ಕೈಯ ಒಡತಿಗೆ ಹೆಸರಿತ್ತೇ ಎಂದು ಕೇಳುವ ಹಕ್ಕು ಅವನಿಗುಂಟು. ಬಹುಮಟ್ಟಿಗೆ ಇಂಥ ಕಲ್ಲುಗಳ ಮೇಲೆ ಅಕ್ಷರವೇ ಇರುವದಿಲ್ಲ.

ಹಾವೇರಿ ಸೀಮೆಯು ಈ ಕಲ್ಲುಗಳಿಗೆ ತವರು. ವರದೆ ತುಂಗಭದ್ರೆಗಳ ನಡುವಣ ಈ ನೆಲವು ಕದಂಬ, ಚಾಲುಕ್ಯ, ಹೊಯ್ಸಳ, ಸೇವುಣರ ಗಡಿಯಾಗಿದ್ದದ್ದರಿಂದ, ಸಾಯಲು ಸಂದರ್ಭಗಳಿಗೆ ಕೊರತೆಯಿರಲಿಲ್ಲ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಹಾನಗಲ್ಲನ್ನು ಮುತ್ತಿ ಆನೆಕೆರೆಯ ಬಳಿ ಬೀಡುಬಿಟ್ಟಾಗ, ಕದಂಬ ಕಾಮದೇವನ ದಂಡನಾಯಕ ಸೋಹಣಿಯು ಅವನನ್ನು ಹಿಮ್ಮೆಟ್ಟಿಸಿ ತಾನು ಮಡಿದನೆಂಬ ಸುದ್ದಿಯು ಹಾನಗಲ್ಲಿನ ಕಲ್ಲಿನಿಂದಲೇ ತಿಳಿದುಬಂದಿದೆ. ದಂಡನಾಯಕನ ಕಲ್ಲನ್ನು ವಿದ್ವಾಂಸರು ಓದಿದರು. ಹಳ್ಳಿಗಳಲ್ಲಿ ಉಳಿದವು ಎಷ್ಟೋ. ಬಟ್ಟೆ ಒಗೆಯುವ ಕಲ್ಲಾದವು ಕೆಲವು, ಕಾಲುವೆಯ ಹಾಸಾದವು ಕೆಲವು, ಮನೆಯ ಪಾಯಕ್ಕೆ ಸೇರಿದವು ಕೆಲವು. ಎಣ್ಣೆ ಬಳಿದು ದೇವರೆಂದು ಕೈಮುಗಿದವರ ಕೈಯಲ್ಲಿ ಮಾತ್ರ, ಅಕ್ಷರವು ಮುಚ್ಚಿಹೋದರೂ, ಕಲ್ಲು ಉಳಿಯಿತು.

ಕಲ್ಲಿನ ಪದ್ಧತಿಯು ಕುಗ್ಗಿದ ಮೇಲೆ ಆ ಕೆಲಸವನ್ನು ಲಾವಣಿಯು ವಹಿಸಿಕೊಂಡಿತು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನೂ, 1857ರ ಹಲಗಲಿಯ ಬೇಡರೂ ಲಾವಣಿಕಾರರ ಕೊರಳಿನಿಂದ ಉಳಿದರು. ಶಾಸನಗಳನ್ನು ಓದಿದ ಫ್ಲೀಟನೇ ಆ ಲಾವಣಿಗಳನ್ನೂ ಸಂಗ್ರಹಿಸಿ ಅಚ್ಚುಮಾಡಿಸಿದನೆಂಬದು ಕಾಕತಾಳೀಯವಲ್ಲ. ಲಾವಣಿಯು ಕಲ್ಲಿಗಿಂತ ಧಾರಾಳ. ಅಲ್ಲಿ ಮೋಸಗಾರನ ಹೆಸರೂ ಬರುವದು, ಅಳುವ ಹೆಂಗಸಿನ ದನಿಯೂ ಕೇಳುವದು. ಆದರೆ ಹಾಡುವವನ ಬಾಯಿಂದ ಬಾಯಿಗೆ ಹೋಗುತ್ತ ವರ್ಷಗಳು ಕಲಸಿಹೋಗುವವು.

ಈಗ ನಾಡಿನಲ್ಲೆಲ್ಲ ಪ್ರಚಾರದಲ್ಲಿರುವದು ಸ್ಮರಣಸಂಚಿಕೆ. ಊರಿನ ಹಿರಿಯರು ತೀರಿಕೊಂಡ ವರ್ಷದೊಳಗೆ ನುಣುಪಾದ ಕಾಗದದ ಮೇಲೆ ಅಚ್ಚಾಗಿ ಹೊರಬೀಳುವ ಈ ಗ್ರಂಥಗಳಲ್ಲಿ ಸತ್ತವರೆಲ್ಲರೂ ಅಜಾತಶತ್ರುಗಳು, ಎಲ್ಲರೂ ಕೊಡುಗೈ ದಾನಿಗಳು, ಎಲ್ಲರ ಅಗಲಿಕೆಯಿಂದಲೂ ತುಂಬಲಾರದ ನಷ್ಟ. ಹೆಸರನ್ನು ಅಳಿಸಿ ಒಬ್ಬರ ಸಂಚಿಕೆಯನ್ನು ಇನ್ನೊಬ್ಬರದಕ್ಕೆ ಅಂಟಿಸಿದರೆ ಗೊತ್ತಾಗದು. ವೀರಗಲ್ಲೂ ಸೂತ್ರಬದ್ಧವಾದ ಬರಹವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಅಲ್ಲಿಯ ಸೂತ್ರವು ಕ್ರಿಯೆಯನ್ನು ಹಿಡಿಯುವ ಸೂತ್ರ. ಯಾವ ದಿನ, ಯಾವ ಊರು, ಯಾರ ಮಗ, ಏನಾಯಿತು, ಕಲ್ಲನ್ನು ಯಾರು ನಿಲ್ಲಿಸಿದರು ಎಂಬ ಐದು ಪ್ರಶ್ನೆಗಳಿಗೆ ಅದು ಉತ್ತರ ಕೊಡದೆ ಬಿಡದು. ಸಂಚಿಕೆಯ ನೂರು ಪುಟಗಳಲ್ಲಿ ಆ ಐದೂ ಒಮ್ಮೊಮ್ಮೆ ಸಿಕ್ಕಲಾರವು.

ಇದೇ ಸೀಮೆಯ ಹತ್ತಿರದ ಕಾಲದ ಒಂದು ಸಾವನ್ನು ಈ ಅಳತೆಯಿಂದ ನೋಡಬಹುದು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನು 1911ರಲ್ಲಿ ಹುಟ್ಟಿದನು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದನು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ವಸೂಲಾದ ಕಂದಾಯದ ಹಣವನ್ನು ಇಟ್ಟಿದ್ದ ಗುಡಿಯ ಮೇಲೆ ತನ್ನ ತಂಡದೊಡನೆ ನುಗ್ಗಿದಾಗ ಪೊಲೀಸರ ಗುಂಡಿಗೆ ಬಲಿಯಾದನು. ತುರುಗಳ ಬದಲು ರೈತರ ಕಂದಾಯ. ಉಳಿದಂತೆ ಕೆಳಗಣ ಅಂಕಣದ ಚಿತ್ರವು ಹಳೆಯದೇ. ಅವನಿಗೆ ಹಾವೇರಿಯಲ್ಲಿ ಸ್ಮಾರಕವಾಗಿದೆ, 2018ರಲ್ಲಿ ಅಂಚೆಚೀಟಿಯೂ ಬಂದಿದೆ, ಚರಿತ್ರೆಗಳೂ ಬಂದಿವೆ. ಸ್ವಾತಂತ್ರ್ಯದ ಹೋರಾಟದಲ್ಲಿ ತಾನೂ ಸೆರೆಮನೆಯನ್ನು ಕಂಡ ಹೆಂಡತಿ ಸಿದ್ದಮ್ಮನ ಹೆಸರು ಅವುಗಳಲ್ಲಿ ಒಂದೆರಡು ಪುಟಗಳಿಗೆ ಸೀಮಿತ. ಅದೇ ದಿನ, ಅದೇ ಗುಡಿಯ ಮುಂದೆ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಗುಂಡಿಗೆ ಬಿದ್ದರು. ಭಾಷಣಗಳಲ್ಲಿ ಅವರಿಬ್ಬರ ಹೆಸರು ಮಹಾದೇವನ ಹೆಸರಿನ ಬಾಲದಂತೆ ಬರುವದು, ಕೆಲವೊಮ್ಮೆ “ಸಂಗಡಿಗರು” ಎಂಬ ಮಾತಿನಲ್ಲಿ ಅಡಗಿಯೇ ಹೋಗುವದು. ಹನ್ನೆರಡನೆಯ ಶತಮಾನದ ಹೊಸರಿತ್ತಿಯ ಕಲ್ಲುಕುಟಿಗನಾಗಿದ್ದರೆ ಮೂರು ಕಲ್ಲುಗಳನ್ನು ಕೇಳುತ್ತಿದ್ದನು. ಪ್ರತಿಯೊಂದರ ಪಟ್ಟಿಕೆಯಲ್ಲಿಯೂ ಒಬ್ಬೊಬ್ಬನ ತಂದೆಯ ಹೆಸರನ್ನು ಕೇಳಿ ಬರೆಯುತ್ತಿದ್ದನು.