ಪೆರುವಿನ ಅಡುಗೆ: ಬೆರೆಸಿದವರು ಯಾರು?

ಪೆರು ದೇಶದ ಅಡುಗೆ ಅಂದ ಕೂಡಲೇ ಜಗತ್ತು ಹೇಳುವ ಹೆಸರು ಗಾಸ್ತೋನ್ ಅಕುರಿಯೊ. ಹೇಳಬೇಕಾದ್ದೇ. ರಾಜಕಾರಣಿಯ ಮಗ, ಕಾನೂನು ಓದಲೆಂದು ಮ್ಯಾಡ್ರಿಡ್‌ಗೆ ಹೋದವರು ಅದನ್ನು ಕೈಬಿಟ್ಟು ಪ್ಯಾರಿಸಿನಲ್ಲಿ ಅಡುಗೆ ಕಲಿತರು. 1994ರಲ್ಲಿ ಹೆಂಡತಿ ಆಸ್ಟ್ರಿಡ್ ಜೊತೆ ಲಿಮಾದಲ್ಲಿ ಫ್ರೆಂಚ್ ಶೈಲಿಯ ಹೋಟೆಲು ತೆರೆದರು, ಆಮೇಲಾಮೇಲೆ ಫ್ರೆಂಚನ್ನು ಬದಿಗಿಟ್ಟು ತಮ್ಮ ದೇಶದ ಅಡುಗೆಗೇ ಹೊರಳಿದರು. 2008ರಲ್ಲಿ ಬಂದ ಅವರ ಪುಸ್ತಕದ ಹೆಸರು '500 ಆನ್ಯೋಸ್ ದೆ ಫುಸಿಯೋನ್', ಅಂದರೆ ಐನೂರು ವರ್ಷಗಳ ಬೆರಕೆ. 2015ರಲ್ಲಿ ಇಂಗ್ಲಿಷಿನಲ್ಲಿ ಬಂದದ್ದು 'ಪೆರು: ದ ಕುಕ್‌ಬುಕ್'. ಅದರಲ್ಲಿ 500 ಅಡುಗೆಗಳಿವೆ. ಐನೂರರ ಮೇಲೆ ಅವರಿಗೆ ಅದೇನು ಮೋಹವೋ.

ನನ್ನ ತಕರಾರು ಇರೋದು ಆ ಮೊದಲ ಪುಸ್ತಕದ ಹೆಸರಿನಲ್ಲಿರುವ 'ಫುಸಿಯೋನ್' ಎಂಬ ಪದದ ಮೇಲೆ. ಅದು ಅವರೊಬ್ಬರ ಪದವೇನಲ್ಲ. ಪೆರು ಅಡುಗೆ ಬಗ್ಗೆ ಯಾವ ಪುಸ್ತಕ ತೆಗೆಯಿರಿ, ಯಾವ ಟೀವಿ ಕಾರ್ಯಕ್ರಮ ನೋಡಿ, ಪೀಠಿಕೆ ಹೆಚ್ಚುಕಮ್ಮಿ ಒಂದೇ ಥರ: ಮೊದಲು ಇಂಕಾಗಳಿದ್ದರು, ಸ್ಪೇನಿನವರು ಬಂದರು, ಆಫ್ರಿಕದವರು ಬಂದರು, ಚೀನಾದವರು ಬಂದರು, ಇಟಲಿಯವರು, ಜಪಾನಿನವರು ಬಂದರು, ಎಲ್ಲರೂ ತಂತಮ್ಮ ರುಚಿ ತಂದು ಒಂದೇ ಪಾತ್ರೆಗೆ ಹಾಕಿದರು. ಕೇಳೋಕೆ ಮದುವೆ ಮನೆಗೆ ನೆಂಟರಿಷ್ಟರು ಬಂದ ಹಾಗಿದೆ. ಆ 'ಬಂದರು' ಅನ್ನೋ ಕ್ರಿಯಾಪದ ಇದೆಯಲ್ಲ, ಮೋಸ ಇರೋದು ಅದರಲ್ಲೇ.

ಹೋಟೆಲಿನಲ್ಲಿ ಕೂತು ತಿಂದರೆ ಇದು ಹೊಳೆಯೋದಿಲ್ಲ. ಮನೆಯಲ್ಲಿ ಒಲೆ ಹಚ್ಚಿ, ಒಂದೊಂದೇ ಸಾಮಾನು ಹೊಂದಿಸಿಕೊಂಡು ಮಾಡುವಾಗ 'ಇದು ಇಲ್ಲಿಗೆ ಹೇಗೆ ಬಂತಪ್ಪ' ಅಂತ ಕೇಳಿಕೊಳ್ಳಲೇಬೇಕಾಗುತ್ತದೆ. ನಾನಿರುವ ನ್ಯೂಜೆರ್ಸಿಯಲ್ಲಿ, ಪ್ಯಾಟರ್ಸನ್ ಊರಿನ ತುಂಬ ಪೆರುವಿನವರು ನೆಲೆಸಿರುವುದರಿಂದ ಸಾಮಾನಿಗೆ ಬರ ಇಲ್ಲ. ಹಾಗಾಗಿ ಕೆಲವು ವರ್ಷಗಳಿಂದ ಈ ಅಡುಗೆ ಮಾಡುತ್ತಾ ಬಂದಿದ್ದೇನೆ.

ಲೋಮೊ ಸಾಲ್ತಾದೊ ತಗೊಳ್ಳಿ. ಉದ್ದುದ್ದ ಕತ್ತರಿಸಿದ ದನದ ಮಾಂಸ, ದಪ್ಪಗೆ ಹೆಚ್ಚಿದ ಕೆಂಪು ಈರುಳ್ಳಿ, ಟೊಮೇಟೊ, ಅಲ್ಲಿನ ಹಳದಿ ಮೆಣಸಿನಕಾಯಿ, ಸೋಯಾ ಸಾಸ್, ವಿನೆಗರ್. ಬಾಣಲೆ ಹೊಗೆಯಾಡುವಷ್ಟು ಕಾದಿರಬೇಕು. ಮನೆಯ ಒಲೆಯಲ್ಲಿ ಆ ಉರಿ ಸಿಗಲ್ಲ, ಅದಕ್ಕೆ ಮಾಂಸವನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ ಎರಡು ಮೂರು ಸಲಕ್ಕೆ ಹಂಚಿ ಹುರಿಯಬೇಕು. ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಬೆಂದುಹೋಗುತ್ತೆ. ಈರುಳ್ಳಿ ಬಾಡಬಾರದು, ಕಚ್ಚಿದರೆ ಕರುಂ ಅನ್ನಬೇಕು. ಕೊನೆಗೆ ಕರಿದ ಆಲೂಗಡ್ಡೆ, ಪಕ್ಕಕ್ಕೆ ಬಿಳಿ ಅನ್ನ. ಅನ್ನದ ಜೊತೆ ಆಲೂಗಡ್ಡೆ ನಮಗೇನು ಹೊಸದಲ್ಲ, ಯುರೋಪಿನವರು ಮಾತ್ರ ಹುಬ್ಬೇರಿಸುತ್ತಾರೆ.

ಇದು ಚೀನೀ ಕೈಯ ಅಡುಗೆ ಅಂತ ಬಾಣಲೆಯೇ ಹೇಳುತ್ತೆ. ಪೆರುವಿನ ಭಾಷೆಯೂ ಹೇಳುತ್ತೆ. ಸ್ಪ್ಯಾನಿಷ್ ಆಡುವ ಮಿಕ್ಕ ದೇಶಗಳಲ್ಲಿ ಶುಂಠಿಗೆ ಹೆಂಹಿಬ್ರೆ ಅಂದರೆ ಪೆರುವಿನಲ್ಲಿ ಕಿಯೋನ್. ಸೋಯಾ ಸಾಸಿಗೆ ಸಿಯಾವೊ. ಎರಡೂ ಕ್ಯಾಂಟನ್ ಕಡೆಯ ಚೀನೀ ಮಾತಿನಿಂದ ಬಂದವು. ಹುರಿದ ಅನ್ನ ಚೌಫಾ, ಚೀನೀ ಹೋಟೆಲು ಚಿಫಾ. ಲಿಮಾದ ಅಜ್ಜಿ ತಾನು ಚೀನೀ ಪದ ಆಡ್ತಿದ್ದೀನಿ ಅನ್ನೋ ಯೋಚನೆಯೇ ಇಲ್ಲದೆ ಸಂತೆಯಲ್ಲಿ ಕಿಯೋನ್ ಕೇಳುತ್ತಾಳೆ. ಇಷ್ಟನ್ನು ಎಲ್ಲ ಪುಸ್ತಕಗಳೂ ಖುಷಿಯಿಂದ ಬರೆಯುತ್ತವೆ. ಈ ಚೀನೀಯರು ಬಂದದ್ದು ಹೇಗೆ ಅನ್ನೋದಕ್ಕೆ ಮಾತ್ರ ಒಂದೇ ಸಾಲು.

1849ರಿಂದ 1874ರವರೆಗೆ ಸುಮಾರು ಒಂದು ಲಕ್ಷ ಚೀನೀ ಗಂಡಸರನ್ನು ಹಡಗು ತುಂಬಿ ಪೆರುವಿಗೆ ಸಾಗಿಸಿದರು. ಎಂಟು ವರ್ಷದ ಕರಾರು. ಕರಾವಳಿಯ ಕಬ್ಬು, ಹತ್ತಿ ತೋಟಗಳಲ್ಲಿ ಕೆಲಸ, ಇಲ್ಲವೆ ದ್ವೀಪಗಳಲ್ಲಿ ಕಡಲಹಕ್ಕಿಗಳ ಹಿಕ್ಕೆ ಅಗೆದು ಯುರೋಪಿಗೆ ಗೊಬ್ಬರವಾಗಿ ಕಳಿಸುವ ಕೆಲಸ. ದಾರಿಯಲ್ಲೇ ಸತ್ತವರು ಎಷ್ಟೋ, ದ್ವೀಪಗಳಲ್ಲಿ ಬದುಕು ತಾಳಲಾರದೆ ತಾವೇ ಜೀವ ತೆಗೆದುಕೊಂಡವರು ಎಷ್ಟೋ. 1854ರಲ್ಲಿ ಪೆರುವಿನಲ್ಲಿ ಗುಲಾಮಗಿರಿ ರದ್ದಾಯಿತು. ಆಫ್ರಿಕನ್ನರು ಬಿಟ್ಟ ನೊಗಕ್ಕೆ ಇವರ ಹೆಗಲು. ಅಲ್ಲೂ ಇವರನ್ನು ಕರೆದದ್ದು 'ಕುಲಿ' ಅಂತಲೇ. ಅದೇ ಕಾಲದಲ್ಲಿ ನಮ್ಮ ದೇಶದಿಂದ ಮಾರಿಷಸ್‌ಗೂ ಟ್ರಿನಿಡಾಡ್‌ಗೂ ಜನ ಹೋದದ್ದು ಇದೇ ಹೆಸರಿನಲ್ಲಿ. ಕರಾರಿನ ಪ್ರಕಾರ ಕೊಡಬೇಕಾದ ಪಡಿಯಲ್ಲಿ ಅಕ್ಕಿ ಇತ್ತು. ಕರಾರು ಮುಗಿದು ಉಳಿದವರು ಲಿಮಾದಲ್ಲಿ ಅಡುಗೆ ಕೆಲಸಕ್ಕೆ ಸೇರಿದರು, ಸಣ್ಣ ಸಣ್ಣ ಊಟದಂಗಡಿ ಇಟ್ಟರು. ಲೋಮೊ ಸಾಲ್ತಾದೊದ ಬೇರು ಅಲ್ಲಿದೆ. ಇದನ್ನು 'ಫುಸಿಯೋನ್' ಅನ್ನಬಹುದಾದರೆ ಅನ್ನಿ.

ಜಪಾನಿನವರ ಕತೆ ಬೇರೆ, ಆದರೆ ಮಜಲು ಅಂಥದ್ದೇ. ಸಾಕುರಾ ಮಾರು ಹಡಗಿನಲ್ಲಿ ಮೊದಲ ತಂಡ ತಲುಪಿದ್ದು 1899ರಲ್ಲಿ, ಅದೂ ತೋಟದ ಕೆಲಸಕ್ಕೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಮಾರು 1800 ಜಪಾನೀ ಮೂಲದವರನ್ನು ಪೆರು ಸರ್ಕಾರ ಹಿಡಿದು ಅಮೆರಿಕದ ಶಿಬಿರಗಳಿಗೆ ಸಾಗಹಾಕಿತು. ಬಹುಪಾಲು ಜನ ಹಿಂತಿರುಗಲೇ ಇಲ್ಲ. ಇವತ್ತು ಸೆವಿಚೆಯ ಹಸಿ ಮೀನನ್ನು ನಿಂಬೆರಸದಲ್ಲಿ ಗಂಟೆಗಟ್ಟಲೆ ನೆನೆಹಾಕದೆ ಕೆಲವೇ ನಿಮಿಷದಲ್ಲಿ ತಟ್ಟೆಗೆ ಹಾಕುತ್ತಾರಲ್ಲ, ಆ ಬದಲಾವಣೆಯ ಹಿಂದೆ ಇವರ ಕೈ ಇದೆ ಅನ್ನುತ್ತಾರೆ. 2023ರಲ್ಲಿ ಯುನೆಸ್ಕೊ ಸೆವಿಚೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದಹಾಗೆ ಪೆರುವಿನ ನಿಂಬೆ ಅಂದರೆ ಸಣ್ಣದು, ತೆಳು ಸಿಪ್ಪೆಯದು, ನಮ್ಮ ನಿಂಬೆಹಣ್ಣಿನ ಜಾತಿಯದೇ. ಇಲ್ಲಿನ ಅಂಗಡಿಗಳ ದೊಡ್ಡ ಹಸಿರು ನಿಂಬೆಗಿಂತ ಬೆಂಗಳೂರಿನ ನಿಂಬೆ ಸೆವಿಚೆಗೆ ಹತ್ತಿರ.

'ಸಾಂಪ್ರದಾಯಿಕ' ಅನ್ನೋ ಇನ್ನೊಂದು ಪದವೂ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲೋದಿಲ್ಲ. ಪಾಪಾ ಆ ಲಾ ಉವಾಂಕಾಯಿನಾ ಬೆಂದ ಆಲೂಗಡ್ಡೆಯ ಮೇಲೆ ಹಳದಿ ಮೆಣಸಿನಕಾಯಿ, ಹಸಿ ಚೀಸು, ಹಾಲು ರುಬ್ಬಿದ ಗೊಜ್ಜು ಸುರಿದು ತಣ್ಣಗೆ ತಿನ್ನುವಂಥದ್ದು. ನಮ್ಮ ಸಸ್ಯಾಹಾರಿಗಳು ಶುರು ಮಾಡಬೇಕಾದ್ದು ಇಲ್ಲಿಂದ. ಆ ಗೊಜ್ಜು ಗಟ್ಟಿಯಾಗೋಕೆ ಲಿಮಾದ ಮನೆಗಳಲ್ಲಿ ಏನು ಹಾಕುತ್ತಾರೆ ಗೊತ್ತೆ? ಉಪ್ಪು ಬಿಸ್ಕತ್ತು. ಹಾಲು ಡಬ್ಬಿಯದು, ಕಾಯಿಸಿ ಗಟ್ಟಿ ಮಾಡಿದ, ಸಕ್ಕರೆಯಿಲ್ಲದ ಹಾಲು. ಆಹೀ ದೆ ಗಾಯೀನಾ ಅನ್ನೋ ಕೋಳಿ ಅಡುಗೆಯ ಬೇರು ಸ್ಪೇನಿನವರ ಹಳೇ ಬಾದಾಮಿ-ಕೋಳಿ ಪಾಯಸದಲ್ಲಿದೆ ಅನ್ನುತ್ತಾರೆ. ಈಗ ಅದಕ್ಕೂ ಅದೇ ಡಬ್ಬಿ ಹಾಲು. ಹಾಲಲ್ಲಿ ನೆನೆಸಿದ ಹಳೇ ಬ್ರೆಡ್ಡು, ಅಕ್ರೋಟು, ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಕೋಳಿ. ಹೆಸರಿನಲ್ಲಿ ಇರೋದು ಗಾಯೀನಾ, ಅಂದರೆ ಮೊಟ್ಟೆ ಇಟ್ಟು ಮುಗಿಸಿದ ಮುದಿ ಹೇಂಟೆ. ಅದರ ಮಾಂಸ ನಾರು, ಬೇಯೋದು ನಿಧಾನ, ಅದಕ್ಕೇ ಬಿಡಿಸಿ ಹಾಕುವ ಪದ್ಧತಿ. ಎಳೇ ಕೋಳಿಯ ಎದೆ ಮಾಂಸ ತಂದು ಅರ್ಧ ಗಂಟೆಯಲ್ಲಿ ಮುಗಿಸಿದರೆ ಹಳದಿ ಬಣ್ಣದ ಮುದ್ದೆ ಆಗುತ್ತೆ, ಅಷ್ಟೆ. ಮುದಿ ಹೇಂಟೆ ಬೆಂದ ಸಾರನ್ನೇ ಬ್ರೆಡ್ಡಿಗೆ ಬಿಟ್ಟುಕೊಂಡರೆ ರುಚಿ ಬೇರೆ.

ಇವೆಲ್ಲಕ್ಕೂ ತಳದಲ್ಲಿ ಇರೋದು ಆದೆರೇಸೊ. ಸಣ್ಣಗೆ ಹೆಚ್ಚಿದ ಕೆಂಪು ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ರುಬ್ಬು. ಸಣ್ಣ ಉರಿಯಲ್ಲಿ, ಸಾಕಷ್ಟು ಎಣ್ಣೆಯಲ್ಲಿ. ಇಂಗ್ಲಿಷ್ ಪುಸ್ತಕಗಳು ಇದನ್ನು ನಿಮಿಷದ ಲೆಕ್ಕ ಕೊಟ್ಟು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅಯ್ಯೋ, ನಿಮಿಷ ನೋಡಿ ಯಾರಾದರೂ ಒಗ್ಗರಣೆ ಹಾಕ್ತಾರಾ? ಹಸಿ ವಾಸನೆ ಹೋಗಿ ಎಣ್ಣೆ ಬಿಡುವವರೆಗೆ ಅಂತ ಬರೆದಿದ್ದರೆ ಮುಗಿದಿತ್ತು. ನನ್ನ ಮಟ್ಟಿಗೆ ಐನೂರು ಅಡುಗೆಗಳ ಪುಸ್ತಕಗಳ ದೊಡ್ಡ ಕೊರತೆ ಇದು. ಎಷ್ಟೆಷ್ಟು ಅನ್ನೋದನ್ನು ಗ್ರಾಮಿನಲ್ಲಿ ಹೇಳುತ್ತವೆ, ಗುರುತು ಹೇಳೋದಿಲ್ಲ. ಗುರುತು ಗೊತ್ತಿರೋದು ಮಾಡಿ ಮಾಡಿ ಕೈ ಪಳಗಿದ ಹೆಂಗಸರಿಗೆ.

ಮೆಣಸಿನಕಾಯಿ ವಿಷಯಕ್ಕೆ ಬಂದೆ. ಆಹೀ ಅಮರೀಯೊ, ಹೆಸರು ಹಳದಿ ಅಂತಿದ್ದರೂ ಹಣ್ಣಾದಾಗ ಕಿತ್ತಳೆ ಬಣ್ಣ. ಬೀಜ, ನರ ತೆಗೆದು, ಎರಡು ಮೂರು ಸಲ ನೀರು ಬದಲಿಸಿ ಕುದಿಸಿ, ಸಿಪ್ಪೆ ಸುಲಿದು ರುಬ್ಬಿದರೆ ಹಣ್ಣಿನಂಥ ಘಮ. 'ಸಿಗದಿದ್ದರೆ ಹಳದಿ ದೊಣ್ಣೆಮೆಣಸಿನಕಾಯಿಗೆ ಚೂರು ಅರಿಶಿನ ಸೇರಿಸಿ' ಅನ್ನೋ ಸಲಹೆ ಕಂಡ ಕಡೆಯೆಲ್ಲ ಇದೆ. ಬಣ್ಣ ಬರುತ್ತೆ, ಅಡುಗೆ ಬರೋದಿಲ್ಲ. ನಮ್ಮ ಬ್ಯಾಡಗಿಯೂ ಅದೇ ಖಂಡದಿಂದ ಬಂದ ಕುಲದ್ದೇ, ಆದರೆ ಜಾತಿ ಬೇರೆ. ಬ್ಯಾಡಗಿ ಹಾಕಿದರೆ ಚೆನ್ನಾಗೇ ಇರುತ್ತೆ, ಪೆರುವಿನದಾಗಿ ಅಲ್ಲ. ಸೀಸೆಯ ರುಬ್ಬು ಸಿಕ್ಕಿದರೆ ಅದೇ ವಾಸಿ. ಆಲೂಗಡ್ಡೆ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಿಲ್ಲ. ನಿಂಬೆರಸ, ಮೆಣಸಿನಕಾಯಿ ಕಲಸಿದ ಆಲೂಗಡ್ಡೆಯನ್ನು ಪದರ ಪದರ ಜೋಡಿಸುವ ಕಾವ್ಸಾಗೆ ಹಿಟ್ಟುಹಿಟ್ಟಾಗಿ ಬೇಯುವ ಯಾವ ಆಲೂಗಡ್ಡೆಯಾದರೂ ನಡೆಯುತ್ತೆ. ಮಿಕ್ಸಿಗೆ ಹಾಕಬೇಡಿ, ಅಂಟಾಗುತ್ತೆ. ಹೋಟೆಲುಗಳಲ್ಲಿ ಬಳೆಯಂಥ ಅಚ್ಚಿನಲ್ಲಿ ಗೋಪುರ ಕಟ್ಟಿಕೊಡುತ್ತಾರೆ. ಮನೆಯಲ್ಲಿ ತಟ್ಟೆಗೆ ತಟ್ಟಿ, ಬರ್ಫಿಯ ಹಾಗೆ ಕತ್ತರಿಸಿದರೆ ಸಾಕು.

ಅಕುರಿಯೊ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಲಿಮಾ ಹೊರವಲಯದ ಬಡ ಬಡಾವಣೆ ಪಾಚಾಕೂತೆಕ್‌ನಲ್ಲಿ ಹುಡುಗ ಹುಡುಗಿಯರಿಗೆ ಅಡುಗೆ ಶಾಲೆ ಶುರು ಮಾಡಿಸಿದವರು ಅವರು. 2008ರಲ್ಲಿ ಶುರುವಾದ ಮಿಸ್ತೂರಾ ಉತ್ಸವದಲ್ಲಿ ಬೀದಿಬದಿಯ ಅಡುಗೆಯವರನ್ನು ದೊಡ್ಡ ಹೋಟೆಲಿನವರ ಪಕ್ಕ ನಿಲ್ಲಿಸಿದವರ ಮುಂಚೂಣಿಯಲ್ಲೂ ಅವರಿದ್ದರು. ಕೈಯಲ್ಲಿ ಮಾಡಿದ್ದು ಪೀಠಿಕೆಯಲ್ಲಿ ಬರೆದದ್ದಕ್ಕಿಂತ ಚೆನ್ನಾಗಿದೆ.

ಆದರೂ ಜಗತ್ತಿಗೆ ಅವರ ಹೆಸರು ಗೊತ್ತು, ತೆರೇಸಾ ಇಸ್ಕಿಯೆರ್ದೊ ಹೆಸರು ಗೊತ್ತಿಲ್ಲ. ಕಪ್ಪು ಹೆಂಗಸು, ಅಡುಗೆಯವಳ ಮಗಳು. ಲಿಮಾದ ಲಿನ್ಸೆ ಬಡಾವಣೆಯಲ್ಲಿ ಅವರು ನಡೆಸಿದ ಊಟದ ಮನೆಯ ಹೆಸರು 'ಎಲ್ ರಿಂಕೋನ್ ಕೆ ನೊ ಕೊನೋಸೆಸ್', ನಿನಗೆ ಗೊತ್ತಿಲ್ಲದ ಮೂಲೆ. ಆ ಹೆಸರಿಗೆ ನಾನು ಸೇರಿಸಬೇಕಾದ್ದು ಏನೂ ಇಲ್ಲ. 2011ರಲ್ಲಿ ತೀರಿಕೊಂಡಾಗ ಪೆರುವಿನ ಪತ್ರಿಕೆಗಳು ಅವರನ್ನು ಪೆರು ಅಡುಗೆಯ ತಾಯಿ ಅಂದವು.

ಅವರ ಪರಂಪರೆಯ ಅಡುಗೆ ತಾಕು ತಾಕು. ತೋಟದ ಗುಲಾಮರ ಒಲೆಯಿಂದ ಬಂದದ್ದು ಅನ್ನುತ್ತಾರೆ. ನಿನ್ನೆ ಉಳಿದ ಬೀನ್ಸ್ ಕಾಳಿನ ಗಟ್ಟಿ ಸಾರು, ನಿನ್ನೆ ಉಳಿದ ಅನ್ನ. ಆದೆರೇಸೊ ಬಾಡಿಸಿ, ಕಾಳನ್ನು ಅರ್ಧಂಬರ್ಧ ಮಸೆದು, ಅನ್ನ ಕಲಸಿ, ಬಾಣಲೆಯಲ್ಲಿ ಅಲ್ಲಾಡಿಸುತ್ತಾ ಉದ್ದನೆ ಮುದ್ದೆಯಾಗಿ ಹೊರಳಿಸಬೇಕು. ಹೊರಗೆ ಗರಿಗರಿ ಹೊಟ್ಟು ಕಟ್ಟಬೇಕು, ಒಳಗೆ ಮೆತ್ತಗಿರಬೇಕು. ಮೇಲೊಂದು ಕರಿದ ಮೊಟ್ಟೆ, ಪಕ್ಕಕ್ಕೆ ನಿಂಬೆ ಹಿಂಡಿದ ಹಸಿ ಈರುಳ್ಳಿ. ಆಗಷ್ಟೇ ಮಾಡಿದ ಬಿಸಿ ಅನ್ನದಲ್ಲಿ ಮಾಡಲು ಹೋದರೆ ಕೂಡಿಕೊಳ್ಳೋದಿಲ್ಲ, ಬಾಣಲೆಗೆ ಅಂಟಿ ಒಡೆದುಹೋಗುತ್ತೆ.