ಗಡಿಯಾಚೆಯ ಸಣ್ಣ ಊರು: ಪ್ರವಾಸಕಥನಕ್ಕೊಂದು ಒರೆಗಲ್ಲು

ಪ್ರವಾಸಕಥನದ ಗುಣವನ್ನು ನಿರ್ಣಯಿಸುವುದಕ್ಕೆ ದೂರವು ಪ್ರಮಾಣವಲ್ಲ. ದಾಟಿದ ಸಮುದ್ರಗಳ ಸಂಖ್ಯೆಯಿಂದ ಗ್ರಂಥಕರ್ತನ ಯೋಗ್ಯತೆಯನ್ನು ಅಳೆಯುವುದಾದರೆ ನಾವಿಕನೇ ಮಹಾಕವಿಯಾಗಬೇಕಾಗಿತ್ತು. ನೆಲದ ಗಡಿಯೊಂದನ್ನು ದಾಟಿ, ಆಚೆಯ ಸಣ್ಣ ಊರನ್ನು ಲೇಖಕನು ಹೇಗೆ ಕಂಡನೆಂಬುದೇ ನಿಜವಾದ ಒರೆಗಲ್ಲು. ಮಹಾನಗರವೂ ಪ್ರಸಿದ್ಧ ದೇವಾಲಯವೂ ತಮ್ಮ ವರ್ಣನೆಯನ್ನು ತಾವೇ ಒದಗಿಸಿಕೊಡುತ್ತವೆ. ಸಣ್ಣ ಊರಿನಲ್ಲಾದರೋ ನೋಡುವ ಕಣ್ಣೊಂದೇ ಬಂಡವಾಳ.

ಕಾಳಿದಾಸನು ಈ ಮರ್ಮವನ್ನು ಬಲ್ಲವನು. ‘ಮೇಘದೂತ’ದ ಯಕ್ಷನಿಗೆ ಸಂದೇಶವನ್ನು ಅಲಕೆಗೆ ಮುಟ್ಟಿಸುವ ತವಕವಿದ್ದರೂ, ದಾರಿ ಡೊಂಕಾದರೂ ಉಜ್ಜಯಿನಿಯನ್ನು ನೋಡದೆ ಹೋಗಬಾರದೆಂದು ಮೋಡಕ್ಕೆ ಹೇಳುತ್ತಾನೆ. ಅಷ್ಟೇ ಅಲ್ಲದೆ, ದಶಾರ್ಣದೇಶದ ಹಳ್ಳಿಮರಗಳಲ್ಲಿ ಕಾಗೆಗಳು ಗೂಡು ಕಟ್ಟುವ ಗಲಭೆಯನ್ನೂ ಮರೆಯುವುದಿಲ್ಲ. ಉಪ್ಪರಿಗೆಗೂ ಕಾಗೆಯ ಗೂಡಿಗೂ ಸಲ್ಲುವ ಈ ಸಮಾನ ಆದರವೇ ಪ್ರವಾಸಕಥನದ ಔಚಿತ್ಯ.

ಕನ್ನಡದಲ್ಲಿ ಈ ಪ್ರಕಾರವು ಬಡವಾದುದಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಹುಟ್ಟೂರು ಅದರ ಹೆಸರಿನಲ್ಲಿಯೇ ಜೊತೆಗೆ ಹೊರಟಿದೆ. ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಇಂಕಾ ಜನರ ನಾಡನ್ನು ಕನ್ನಡದ ಮನೆಗಳಿಗೆ ತಂದಿತು. ಆದರೆ ಈಚೆಗೆ ಬರುತ್ತಿರುವ ಹಲವು ಬರಹಗಳಲ್ಲಿ ಗಡಿಯೆಂದರೆ ಮುದ್ರೆಯೊತ್ತುವ ಕಛೇರಿ. ಊರೆಂದರೆ ಕೋಣೆಯ ಬಾಡಿಗೆ, ಊಟದ ರುಚಿ. ಊರಿನ ಹೆಸರನ್ನು ಅಳಿಸಿ ಬೇರೊಂದನ್ನು ಬರೆದರೂ ವಾಕ್ಯಕ್ಕೆ ಊನವಿಲ್ಲ. ಇದಕ್ಕಿಂತ ದೊಡ್ಡ ಕಾವ್ಯದೋಷ ಯಾವುದು?

ದಕ್ಷಿಣ ಅಮೆರಿಕದಿಂದಲೇ ನಿದರ್ಶನವೊಂದನ್ನು ತೆಗೆದುಕೊಳ್ಳಬಹುದು. ಬ್ರೆಜಿಲಿನ ಲಿವ್ರಮೆಂಟೊ, ಉರುಗ್ವೆಯ ರಿವೇರಾ ಎಂಬ ಅವಳಿ ಊರುಗಳ ನಡುವೆ ಗೋಡೆಯಿಲ್ಲ. 1943ರಲ್ಲಿ ತೆರೆದ ಚೌಕವೊಂದನ್ನು ಎರಡು ದೇಶಗಳೂ ಹಂಚಿಕೊಂಡಿವೆ. ಬೀದಿಯನ್ನು ದಾಟಿದರೆ ದೇಶ ಬದಲಾಗುತ್ತದೆ; ಜನರ ಬಾಯಲ್ಲಿ ಮಾತ್ರ ಪೋರ್ಚುಗೀಸೂ ಸ್ಪ್ಯಾನಿಷೂ ಕಲೆತುಹೋಗಿವೆ. ಅಂಗಡಿಯ ಬೆಲೆಗಳನ್ನು ಬರೆದುಕೊಂಡು ಈ ಮಾತಿಗೆ ಕಿವಿಗೊಡದೆ ಬಂದವನು ಗಡಿಯನ್ನು ದಾಟಲೇ ಇಲ್ಲವೆನ್ನಬೇಕು.

ಈ ಅಭ್ಯಾಸಕ್ಕೆ ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಹೂಡಿಯನ್ನು ಹಾದುಹೋಗುವ, 1864ರಷ್ಟು ಹಳೆಯದಾದ ರೈಲುಹಾದಿಯು ಮಾಲೂರು, ಬಂಗಾರಪೇಟೆಗಳನ್ನು ಕಳೆದು ಆಂಧ್ರಪ್ರದೇಶದ ಕುಪ್ಪಂ ಊರನ್ನು ಮುಟ್ಟುತ್ತದೆ. ಮೂರು ರಾಜ್ಯಗಳು ಕೂಡುವ ಸೀಮೆಯದು. ತೆಲುಗು, ತಮಿಳು, ಕನ್ನಡಗಳು ಅಲ್ಲಿ ನೆರೆಹೊರೆಯವು. ದ್ರಾವಿಡ ವಿಶ್ವವಿದ್ಯಾನಿಲಯವು 1997ರಲ್ಲಿ ಅಲ್ಲಿ ಸ್ಥಾಪಿತವಾದುದು ಉಚಿತವೇ ಆಗಿದೆ. ದೂರದೇಶಗಳನ್ನು ಕುರಿತು ಬರೆಯಹೊರಟ ತರುಣರು ಮೊದಲು ಕುಪ್ಪಂ ಕುರಿತು ಒಂದು ಪುಟವನ್ನು ಬರೆದು ಲೇಖನಿಯನ್ನು ಪರೀಕ್ಷಿಸಿಕೊಳ್ಳುವುದು ಲೇಸು.

ಇದು ಬರಿಯ ಅಲಂಕಾರಶಾಸ್ತ್ರದ ಮಾತಲ್ಲ. ನಾನಾ ರಾಜ್ಯಗಳ ಜನ ಇಂದು ಹೂಡಿಗೆ ಬಂದು ನೆಲಸುತ್ತಿದ್ದಾರೆ. ಅವರಲ್ಲೊಬ್ಬನು ಹೂಡಿಯೆಂದರೆ 2023ರಲ್ಲಿ ತೆರೆದ ಮೆಟ್ರೋ ನಿಲ್ದಾಣ, ಬಾಡಿಗೆಯ ಕೋಣೆ, ಇಷ್ಟೇ ಎಂದು ತನ್ನ ನುಡಿಯಲ್ಲಿ ಬರೆದರೆ ಊರಿನ ಹಳೆಯ ಮನೆತನಗಳಿಗೆ ನೋವಾಗದಿರದು. ರಿವೇರಾದವರ ನೋವೂ ಅದೇ; ಅವರು ಕನ್ನಡವನ್ನು ಓದಲಾರರೆಂಬುದರಿಂದ ಬರೆದವನ ತಪ್ಪು ಕಡಿಮೆಯಾಗುವುದಿಲ್ಲ.